ಕಡಿಮೆ ದುಡ್ಡಿನ .32 ರಿವಾಲ್ವರ್: ಕೊಳ್ಳುವ ಮುಂಚೆ ಬೊಟ್ಟಿಟ್ಟು ನೋಡಿ

ನಮ್ಮಪ್ಪನಿಗೆ 70 ತುಂಬಿದ ವರ್ಷ ಅವರ ರಿವಾಲ್ವರ್ ನನ್ನ ಹೆಸರಿಗೆ ಬಂತು. ದಾವಣಗೆರೆ ಮಂಡಿಪೇಟೆಯಲ್ಲಿ ಹತ್ತಿ ವ್ಯಾಪಾರ ಮಾಡುವಾಗ ದುಡ್ಡಿನ ಚೀಲ ಹಿಡಿದು ಜಗಳೂರು, ಹರಪನಹಳ್ಳಿ ಕಡೆ ಹಳ್ಳಿ ಹಳ್ಳಿ ತಿರುಗುತ್ತಿದ್ದರು, ಆಗ ತೆಗೆದುಕೊಂಡದ್ದು. ಮೂವತ್ತು ವರ್ಷದಲ್ಲಿ ಅದು ಹಾರಿಸಿದ ಗುಂಡು ಎಷ್ಟು ಗೊತ್ತಾ? ಆರು. ಅದೂ ಕೊಂಡ ಹೊಸದರಲ್ಲಿ. ಆಮೇಲೆ ಬೀರುವಿನ ಒಳಗೆ, ಚರ್ಮದ ಚೀಲದಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಪಕ್ಕ.

ನನ್ನ ಹೆಸರಿಗೆ ಬಂದ ಮೇಲೆ ಬೆಂಗಳೂರಿನ ಒಂದು ಶೂಟಿಂಗ್ ರೇಂಜ್‌ಗೆ ತೆಗೆದುಕೊಂಡು ಹೋದೆ. ಅಪ್ಪನ ಕಾಲದ ಗುಂಡುಗಳನ್ನೇ ತುಂಬಿದೆ. ಟ್ರಿಗರ್ ಎಳೆದೆ, ಕಟ್. ಮತ್ತೆ ಎಳೆದೆ, ಕಟ್. ಮೂರನೆಯದು ಢಂ ಅಂತು, ನಾನೇ ಬೆಚ್ಚಿಬಿದ್ದೆ. ನಾಲ್ಕನೆಯದು ಮತ್ತೆ ಕಟ್. ಪಕ್ಕದಲ್ಲಿ ನಿಂತಿದ್ದ ಕೋಚ್ ನಗಲಿಲ್ಲ, ಅದೇ ಅವರ ದೊಡ್ಡತನ. ಹ್ಯಾಮರ್ (ಟ್ರಿಗರ್ ಎಳೆದಾಗ ಗುಂಡಿನ ಹಿಂಭಾಗಕ್ಕೆ ಹೊಡೆಯುವ ಭಾಗ) ಸಂದಿಗೆ ಟಾರ್ಚ್ ಬಿಟ್ಟು ತೋರಿಸಿದರು. ಒಳಗೆ ಕೆಂಪಗೆ ಒಂದು ಪದರ. ರಕ್ತ ಅಲ್ಲ, ತುಕ್ಕೂ ಅಲ್ಲ. ಕುಂಕುಮ! ಮೂವತ್ತು ಆಯುಧ ಪೂಜೆಯ ಕುಂಕುಮ, ವಿಭೂತಿ, ಅದರ ಮೇಲೆ ಅಪ್ಪ ವರ್ಷಕ್ಕೊಮ್ಮೆ ಸವರುತ್ತಿದ್ದ ಕೊಬ್ಬರಿ ಎಣ್ಣೆ, ಎಲ್ಲ ಸೇರಿ ಚಿಕ್ಕಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಹ್ಯಾಮರ್‌ಗೆ ಜೋರಾಗಿ ಹೊಡೆಯಲು ಜಾಗವೇ ಇರಲಿಲ್ಲ.

ಆವತ್ತಿನಿಂದ ನಮ್ಮ ಕಡೆ ಲೈಸೆನ್ಸ್ ಇರುವವರು ಯಾರು ಸಿಕ್ಕರೂ ನಿಮ್ಮದು ಹೇಗಿದೆ, ಯಾವಾಗ ಕೈಕೊಟ್ಟಿತು ಅಂತ ಕೇಳುವುದು ನನಗೊಂದು ಚಟ ಆಗಿದೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರು, ಹರಿಹರದ ಹತ್ತಿರ ಪೆಟ್ರೋಲ್ ಬಂಕ್ ಇಟ್ಟಿರುವ ಗೆಳೆಯ, ಚನ್ನಗಿರಿಯ ಅಡಿಕೆ ತೋಟದವರು, ಚಿತ್ರದುರ್ಗದಲ್ಲಿ ಇರುವ ನಮ್ಮ ಚಿಕ್ಕಪ್ಪ (ನಿವೃತ್ತ ಹವಾಲ್ದಾರ್, ಪೊಲೀಸ್ ಇಲಾಖೆಯಲ್ಲಿ ಆಯುಧ ಕೊಠಡಿ ನೋಡಿಕೊಂಡವರು). ಎಲ್ಲರ ಕಥೆ ಕೇಳಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಕಡಿಮೆ ಬೆಲೆಯ ರಿವಾಲ್ವರ್ ತಾನಾಗಿ ಕೆಡುವುದು ಕಮ್ಮಿ, ನಾವು ಕೆಡಿಸುವುದು ಜಾಸ್ತಿ. ಉಳಿದದ್ದು ಕೊಳ್ಳುವಾಗ ಹತ್ತು ನಿಮಿಷ ನೋಡದೆ ದುಡ್ಡು ಕೊಟ್ಟದ್ದರ ಫಲ. ಆ ಹತ್ತು ನಿಮಿಷ ಹೇಗೆ ನೋಡಬೇಕು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮಗೆ ಸಿಗುವುದು ಏನು ಅಂತ ನೋಡೋಣ. ಯೂಟ್ಯೂಬ್‌ನಲ್ಲಿ ಅಮೆರಿಕದವರು ಟಾರಸ್, ಚಾರ್ಟರ್ ಆರ್ಮ್ಸ್, ರಾಕ್ ಐಲ್ಯಾಂಡ್ ಅಂತ ಕಡಿಮೆ ಬೆಲೆಯ ರಿವಾಲ್ವರ್‌ಗಳನ್ನು ಇಟ್ಟುಕೊಂಡು ಗಂಟೆಗಟ್ಟಲೆ ಮಾತಾಡುತ್ತಾರೆ. ನೋಡಿ, ಆದರೆ ಅದರಿಂದ ನಮಗೆ ಹೆಚ್ಚೇನೂ ಉಪಯೋಗ ಇಲ್ಲ. ಅವರದು ಬಹುಪಾಲು .38, ನಮ್ಮಲ್ಲಿ ಅದು ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ). ಮಾಮೂಲಿ ಲೈಸೆನ್ಸ್‌ದಾರರಿಗೆ ರಿವಾಲ್ವರ್ ಅಂದರೆ ಹೆಚ್ಚಾಗಿ .32. ಅದರ ಗುಂಡು .32 ಸ್ಮಿತ್ ಅಂಡ್ ವೆಸನ್ ಲಾಂಗ್, 1896ರಷ್ಟು ಹಳೆಯದು. ಹೊರದೇಶದ ಆಮದು 1980ರ ದಶಕದಲ್ಲೇ ನಿಂತುಹೋದ ಕಾರಣ ಹಳೆ ವಿದೇಶಿ ಮಾಲು ಕೈಯಿಂದ ಕೈಗೆ ಹೋಗುವಾಗ ಬೆಲೆ ಆಕಾಶಕ್ಕೆ ಹೋಗುತ್ತದೆ. ಬೆಲೆ ಜಾಸ್ತಿ ಅಂದ ಮಾತ್ರಕ್ಕೆ ಮಾಲು ಚೆನ್ನಾಗಿದೆ ಅಂತ ತಿಳಿಯಬೇಡಿ. ಅದು ಬರೀ ಕೊರತೆಯ ಬೆಲೆ.

ಹೊಸದು ಬೇಕು ಅಂದರೆ ಕಾನ್ಪುರದ ಸರ್ಕಾರಿ ಕಾರ್ಖಾನೆಗಳ .32 ಇದೆ. ಅದರಲ್ಲಿ ಹಳೆಯ ನಮೂನೆ ಮಧ್ಯಕ್ಕೆ ಮುರಿದು ತೆರೆಯುವಂಥದ್ದು, ನಳಿಗೆ ಕೆಳಗೆ ಬಾಗುತ್ತದೆ, ಹಿಂದಿನ ವೆಬ್ಲಿ ರಿವಾಲ್ವರ್‌ಗಳ ಹಾಗೆ. 2014ರಲ್ಲಿ ನಿರ್ಭೀಕ್ ಬಂತು, ಟೈಟಾನಿಯಂ ಮಿಶ್ರಲೋಹದ್ದು, ಸುಮಾರು ಅರ್ಧ ಕೆಜಿ ತೂಕ, ಆಗಿನ ಬೆಲೆ 1,22,360 ರೂಪಾಯಿ. ಹೆಣ್ಣುಮಕ್ಕಳ ರಕ್ಷಣೆಗೆ ಅಂತ ಹೇಳಿ ತಂದದ್ದು, ಆ ಬೆಲೆಗೆ ಎಷ್ಟು ಹೆಣ್ಣುಮಕ್ಕಳು ಕೊಂಡರೋ ದೇವರೇ ಬಲ್ಲ. 2023ರ ಆಗಸ್ಟ್‌ನಲ್ಲಿ ಪ್ರಬಲ್ ಬಂತು, ಅದು ಗುಂಡು ತುಂಬುವ, ತಿರುಗುವ ಸಿಲಿಂಡರ್ ಪಕ್ಕಕ್ಕೆ ಬರುವ ಮಾದರಿ, ಗುಂಡಿಲ್ಲದೆ 700 ಗ್ರಾಂ. ಖಾಸಗಿಯಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ಉತ್ತರ ಪ್ರದೇಶದ ಸಂಡೀಲಾದಲ್ಲಿ ತಯಾರಾಗುತ್ತದೆ. ಬೆಲೆ ಲೆಕ್ಕ ಹಾಕುವಾಗ ಜಿಎಸ್‌ಟಿ ಮರೆಯಬೇಡಿ, 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್‌ಗೆ ಶೇ 28 ಇದ್ದದ್ದು ಶೇ 40 ಆಗಿದೆ. ಹಾಗಾಗಿ ಈಗ "ಕಡಿಮೆ ದುಡ್ಡಿನ" ಅಂದರೆ ನಿಜವಾಗಿ ಹಳೆಯದು ಅಂತಲೇ ಅರ್ಥ. ಸಂಬಂಧಿಕರದು, ಪರಿಚಯದವರದು, ಡೀಲರ್ ಹತ್ತಿರ ಮಾರಾಟಕ್ಕೆ ಬಂದದ್ದು.

ಕಾಗದದ ಮಾತು ಬೇಗ ಮುಗಿಸುತ್ತೇನೆ. 1959ರ ಆಯುಧ ಕಾಯ್ದೆ, 2016ರ ನಿಯಮಗಳು. ವಯಸ್ಸು 21 ಆಗಿರಬೇಕು, ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ. ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸ್ ಅವಧಿ ಮೂರರ ಬದಲು ಐದು ವರ್ಷ. ಲೈಸೆನ್ಸ್‌ದಾರರಿಗೆ 70 ತುಂಬಿದ್ದರೆ ಅಥವಾ ಬಂದೂಕು ಇಟ್ಟುಕೊಂಡು 25 ವರ್ಷ ಆಗಿದ್ದರೆ ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೇಳಬಹುದು, ನಮ್ಮ ಮನೆಯಲ್ಲಿ ಆದದ್ದು ಅದೇ. ಲೈಸೆನ್ಸ್ ಇರುವ ಒಬ್ಬರಿಂದ ಇನ್ನೊಬ್ಬರು ನೇರವಾಗಿ ಕೊಳ್ಳುವುದಾದರೆ ಮಾರುವವರು ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. "ನಮ್ಮವರೇ ಅಲ್ವಾ, ಆಮೇಲೆ ಬರೆಸಿಕೊಳ್ಳೋಣ" ಅನ್ನುವವರ ಸಹವಾಸ ಬೇಡ. ಕಾಗದ ಇಲ್ಲದ "ನಾಡ" ಮಾಲಿನ ಬಗ್ಗೆ ನಾನು ಒಂದು ಸಾಲೂ ಬರೆಯುವುದಿಲ್ಲ, ಅದು ಜೈಲು, ಜೊತೆಗೆ ಹಾರಿಸಿದವನ ಕೈಯಲ್ಲೇ ಒಡೆಯುವ ವಸ್ತು.

ಈಗ ಕೈಗೆ ತೆಗೆದುಕೊಳ್ಳಿ.

ಎಲ್ಲಕ್ಕೂ ಮೊದಲು ತೆರೆದು ಖಾಲಿ ಇದೆಯಾ ನೋಡಿ. ಮಾರುವವರು "ಖಾಲಿ ಐತ್ರಿ" ಅಂದರೂ ನೋಡಿ. ನೋಡಿದ ಮೇಲೆ ಮುಚ್ಚಿ, ಇನ್ನೊಮ್ಮೆ ತೆರೆದು ಆರೂ ತೂತಿಗೆ ಕಿರುಬೆರಳು ಹಾಕಿ ನೋಡಿ. ನಮ್ಮ ಚಿಕ್ಕಪ್ಪ ಈಗಲೂ ನನ್ನ ಕೈಯಿಂದ ತೆಗೆದುಕೊಂಡರೆ ಹೀಗೇ ಮಾಡುತ್ತಾರೆ, ನಾನೇ ಈಗ ತಾನೆ ತೋರಿಸಿದ್ದರೂ. "ನಿನ್ ಮ್ಯಾಲೆ ನಂಬಿಕೆ ಐತೆ ತಮ್ಮಾ, ಇದರ ಮ್ಯಾಲಿಲ್ಲ" ಅನ್ನುತ್ತಾರೆ. ನಳಿಗೆಯ ಬಾಯಿ ಯಾವತ್ತೂ ಗೋಡೆಯ ಕಡೆ, ಮನುಷ್ಯರ ಕಡೆ ಅಲ್ಲ. ಗುಂಡುಗಳು ಅದೇ ಟೇಬಲ್ ಮೇಲೆ ಇರಬಾರದು, ಪಕ್ಕದ ಕೋಣೆಯಲ್ಲಿ ಇರಲಿ.

ನಂಬರ್ ಓದಿ. ಲೈಸೆನ್ಸ್ ಪುಸ್ತಕದಲ್ಲಿ ಇರುವುದಕ್ಕೂ ಲೋಹದ ಮೇಲೆ ಇರುವುದಕ್ಕೂ ಒಂದು ಅಂಕಿಯೂ ಬೇರೆ ಇರಬಾರದು. ಉಜ್ಜಿ ಅಳಿಸಿದ ಹಾಗೆ ಕಂಡರೆ ಟೀ ಕುಡಿದು ಎದ್ದು ಬನ್ನಿ.

ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡುವುದು ಸುಲಭ: ತೆರೆದು, ಹಿಂಬದಿಯಲ್ಲಿ ಬಿಳಿ ಕಾಗದ ಹಿಡಿದು, ಅದಕ್ಕೆ ಮೊಬೈಲ್ ಟಾರ್ಚ್ ಬಿಡಿ. ಒಳಗಿನ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ಸಣ್ಣಗೆ ಕಪ್ಪು ಮಸಿ ಇದ್ದರೆ ಪರವಾಗಿಲ್ಲ, ಉಜ್ಜಿದರೆ ಹೋಗುತ್ತದೆ. ಸಿಡುಬಿನ ಕಲೆಯ ಹಾಗೆ ಕುಳಿ ಬಿದ್ದಿದ್ದರೆ ಅದು ಹೋಗುವುದಿಲ್ಲ. ನಳಿಗೆಗಿಂತ ಮುಖ್ಯ ಆರು ಚೇಂಬರ್, ಅಂದರೆ ಸಿಲಿಂಡರ್‌ನಲ್ಲಿ ಗುಂಡು ಕೂರುವ ತೂತುಗಳು. ಅಲ್ಲಿ ಕುಳಿ ಇದ್ದರೆ ಹಾರಿದ ಗುಂಡಿನ ಹಿತ್ತಾಳೆ ಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಎಷ್ಟು ಎಳೆದರೂ ಬರುವುದಿಲ್ಲ. ಚನ್ನಗಿರಿಯ ತೋಟದವರು ಹೇಳಿದ ದೂರು ಇದೇ. ಬಾಳೆಗೊನೆ ಕತ್ತರಿಸುವ ಹುಡುಗನನ್ನು ಕರೆದು ಕಡ್ಡಿಯಿಂದ ಕುಟ್ಟಿ ತೆಗೆಸಿದರಂತೆ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ಬೊಟ್ಟು. ಮನೆಯವರ ಸ್ಟಿಕ್ಕರ್ ಬೊಟ್ಟು ಒಂದು ತೆಗೆದು ಸಿಲಿಂಡರ್‌ನ ಹೊರಮೈಗೆ ಹಚ್ಚಿ. ಯಾವ ಚೇಂಬರ್‌ನಿಂದ ಎಣಿಕೆ ಶುರು ಮಾಡಿದಿರಿ ಅಂತ ಗೊತ್ತಾಗಲು, ಅಷ್ಟೇ. ಎಡಗೈ ಬೆರಳಿನಿಂದ ಸಿಲಿಂಡರ್‌ಗೆ ಸ್ವಲ್ಪವೇ ತಡೆ ಕೊಡಿ, ಓಡುವ ಸೈಕಲ್ ಚಕ್ರಕ್ಕೆ ಬೆರಳು ಒತ್ತಿದ ಹಾಗೆ. ಬಲಗೈ ಹೆಬ್ಬೆರಳಿನಿಂದ ಹ್ಯಾಮರ್ ನಿಧಾನಕ್ಕೆ, ತೀರಾ ನಿಧಾನಕ್ಕೆ ಹಿಂದೆ ಎಳೆಯಿರಿ. ಕಿವಿಗೊಟ್ಟು ಕೇಳಿ. ಹ್ಯಾಮರ್ ಪೂರ್ತಿ ಹಿಂದೆ ಹೋಗಿ ನಿಲ್ಲುವುದರೊಳಗೆ ಸಿಲಿಂಡರ್ "ಟಿಕ್" ಅಂತ ಬೀಗ ಹಾಕಿಕೊಂಡಿರಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರ್ ಇನ್ನೂ ಅರ್ಧ ದಾರಿಯಲ್ಲೇ ಇದ್ದು, ಕೈಯಿಂದ ತಿರುಗಿಸಿದ ಮೇಲೆ ಟಿಕ್ ಅಂದರೆ ಟೈಮಿಂಗ್ ಹೋಗಿದೆ. ಗುಂಡು ನಳಿಗೆಗೆ ನೇರವಾಗಿ ಬರುವುದಿಲ್ಲ, ಅಂಚಿಗೆ ಸವರಿಕೊಂಡು ಹೋಗುತ್ತದೆ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಹೆಬ್ಬೆರಳಲ್ಲಿ ಹ್ಯಾಮರ್ ಹಿಡಿದುಕೊಂಡೇ ಮೆಲ್ಲಗೆ ಇಳಿಸಿ, ಮುಂದಿನದಕ್ಕೆ ಹೋಗಿ. ಬೊಟ್ಟು ಒಂದು ಸುತ್ತು ಬರುವ ತನಕ ಆರೂ ನೋಡಲೇಬೇಕು, ಐದು ಸರಿ ಇದ್ದು ಒಂದು ಮಾತ್ರ ಕೆಟ್ಟಿರುವುದು ಉಂಟು. ನನ್ನದರಲ್ಲಿ ನಾಲ್ಕನೆಯದು ಸ್ವಲ್ಪ ಸೋಮಾರಿ ಆಗಿತ್ತು. ಟ್ರಿಗರ್ ಜೋರಾಗಿ ಎಳೆದರೆ ಸರಿ ಕೂರುತ್ತಿತ್ತು, ನಿಧಾನ ಎಳೆದರೆ ಕೂರುತ್ತಿರಲಿಲ್ಲ. ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ಒಯ್ದು ಸಿಲಿಂಡರ್ ತಳ್ಳುವ ಒಳಗಿನ ಕೈ ಬದಲಾಯಿಸಿದ ಮೇಲೆ ಸರಿಹೋಯಿತು.

ಅದೇ ಹೊತ್ತಿಗೆ ಇನ್ನೊಂದು ನೋಡಿಬಿಡಿ. ಹ್ಯಾಮರ್ ಪೂರ್ತಿ ಹಿಂದೆ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹಿಂದಿನಿಂದ ಹೆಬ್ಬೆರಳಲ್ಲಿ ಹ್ಯಾಮರ್ ಮುಂದಕ್ಕೆ ತಳ್ಳಿ. ಬೀಳಲೇಬಾರದು. ಬಿದ್ದರೆ ಮಾತಿಲ್ಲ, ವಾಪಸ್ ಕೊಡಿ. ಹಿಂದಿನ ಯಾರೋ ಪುಣ್ಯಾತ್ಮರು ಟ್ರಿಗರ್ ಹಗುರ ಮಾಡಲು ಒಳಗೆ ಅರ ಹಾಕಿ ಉಜ್ಜಿರುತ್ತಾರೆ. ಇದು ಹಳೆ ಮಾಲಿನಲ್ಲಿ ನಾನು ಕಂಡ ಅತಿ ಕೆಟ್ಟ ರೋಗ. ಟ್ರಿಗರ್ ಬಿಗಿ ಅನ್ನುವುದು ಎಲ್ಲರ ದೂರು, ಹ್ಯಾಮರ್ ಎಳೆಯದೆ ನೇರ ಒತ್ತಿದರೆ ಐದಾರು ಕೆಜಿ ಬಲ ಬೇಕು, ನಿಜ. ಆದರೆ ಆ ಬಿಗಿಯಲ್ಲೇ ಹ್ಯಾಮರ್ ಹೊಡೆತದ ಶಕ್ತಿಯೂ ಇರುವುದು. ಸ್ಪ್ರಿಂಗ್ ಸಡಿಲ ಮಾಡಿಸಿಕೊಂಡವರ ರಿವಾಲ್ವರೇ ಕಟ್ ಕಟ್ ಅನ್ನುತ್ತಾ ಗುಂಡು ಹಾರದೆ ನಿಲ್ಲುವುದು. ಬಿಗಿ ಅನ್ನಿಸಿದರೆ ಮುಷ್ಟಿ ವ್ಯಾಯಾಮ ಮಾಡಿ, ಸ್ಪ್ರಿಂಗ್‌ಗೆ ಕೈ ಹಾಕಬೇಡಿ.

ಸಿಲಿಂಡರ್‌ಗೂ ನಳಿಗೆಗೂ ನಡುವೆ ಒಂದು ಸಂದಿ ಇರುತ್ತದೆ. ಜೆರಾಕ್ಸ್ ಅಂಗಡಿಯ ಎ4 ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. ಒಂದು ಪದರ ಆ ಸಂದಿಯಲ್ಲಿ ಹೋಗಬೇಕು. ಎರಡು ಹೋದರೂ ಸರಿ. ಮೂರು ಪದರ ಸಲೀಸಾಗಿ ಹೋದರೆ ಸಂದಿ ಜಾಸ್ತಿ ಆಗಿದೆ, ಬಿಸಿಗಾಳಿ ಪಕ್ಕಕ್ಕೆ ನುಗ್ಗುತ್ತದೆ, ಗುಂಡಿನ ಬಲ ಕಮ್ಮಿಯಾಗುತ್ತದೆ. ಒಂದೂ ಹೋಗದಿದ್ದರೆ ಅದೂ ಒಳ್ಳೆಯದಲ್ಲ, ನಾಲ್ಕು ಗುಂಡು ಹಾರಿ ಮಸಿ ಕಟ್ಟಿದ ಕೂಡಲೇ ಸಿಲಿಂಡರ್ ತಿರುಗುವುದಿಲ್ಲ. ಸಿಲಿಂಡರ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲ್ಲಾಡಿದರೆ ಆಗಲಿ, ಗಡಗಡ ಅಂದರೆ ಬೇಡ.

ಮುರಿದು ತೆರೆಯುವ ಮಾದರಿಯಲ್ಲಿ ಮೇಲಿನ ಕೊಂಡಿ ಮತ್ತು ಕೆಳಗಿನ ಕೀಲು, ಇವೆರಡೇ ಪ್ರಾಣ. ಹಿಡಿ ಒಂದು ಕೈಯಲ್ಲಿ, ನಳಿಗೆ ಇನ್ನೊಂದು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಹಳೆ ಬಾಗಿಲಿನ ಚಿಲಕದ ಹಾಗೆ ಕಟಕಟ ಅಂದರೆ ಕೊಂಡಿ ಸವೆದಿದೆ. ಇದು ಹೆಚ್ಚಾಗಿ ಮಾಲೀಕರ ಕೈಗುಣವೇ. ಸಿನಿಮಾ ಹೀರೋ ಹಾಗೆ ಒಂದೇ ಕೈಯಲ್ಲಿ ಫಟ್ ಅಂತ ಒದರಿ ಮುಚ್ಚುತ್ತಾರಲ್ಲ, ಅದರಿಂದ. ಪಕ್ಕಕ್ಕೆ ತೆರೆಯುವ ಮಾದರಿಯಲ್ಲೂ ಅಷ್ಟೇ, ಒದರಿ ಮುಚ್ಚಿದರೆ ಸಿಲಿಂಡರ್ ಹಿಡಿದಿರುವ ತೋಳು ಬಗ್ಗುತ್ತದೆ. ಕಣ್ಣಿಗೆ ಕಾಣಿಸದಷ್ಟೇ ಬಗ್ಗುತ್ತದೆ, ಆದರೆ ಆಮೇಲೆ ಬೊಟ್ಟು ಹಚ್ಚಿ ನೋಡಿದರೆ ಗೊತ್ತಾಗುತ್ತದೆ. ಎರಡೂ ಕೈ ಬಳಸಿ ಮುಚ್ಚಿ.

ಮುರಿದು ತೆರೆಯುವುದರಲ್ಲಿ ಇನ್ನೊಂದು ಕಾಟ ಇದೆ. ತೆರೆದಾಗ ನಕ್ಷತ್ರದ ಆಕಾರದ ತಟ್ಟೆ ಮೇಲೆ ಬಂದು ಆರೂ ಖಾಲಿ ಕೊಳವೆಗಳನ್ನು ಎತ್ತಿ ಹೊರಗೆ ಹಾಕಬೇಕು. ನಿಧಾನಕ್ಕೆ, ಅನುಮಾನದಲ್ಲಿ ತೆರೆದರೆ ಒಂದು ಕೊಳವೆ ಜಾರಿ ಆ ತಟ್ಟೆಯ ಕೆಳಗೆ ಸೇರಿಕೊಳ್ಳುತ್ತದೆ. ಆಮೇಲೆ ತಟ್ಟೆ ಕೆಳಗೂ ಇಳಿಯುವುದಿಲ್ಲ, ರಿವಾಲ್ವರ್ ಮುಚ್ಚುವುದೂ ಇಲ್ಲ. ಪೆಟ್ರೋಲ್ ಬಂಕ್ ಗೆಳೆಯ "ಮಾಲೇ ಸರಿ ಇಲ್ಲ" ಅಂತ ವರ್ಷಗಟ್ಟಲೆ ಬೈದದ್ದು ಈ ಒಂದು ಕಾರಣಕ್ಕೆ. ಪೂರ್ತಿ, ಒಂದೇ ಸಲಕ್ಕೆ, ಹಿಡಿಯನ್ನು ಸ್ವಲ್ಪ ವಾಲಿಸಿ ಕೊಳವೆಗಳು ಬೀಳಲು ದಾರಿ ಕೊಟ್ಟು ತೆರೆಯಪ್ಪಾ ಅಂತ ರೇಂಜ್‌ನಲ್ಲಿ ತೋರಿಸಿಕೊಟ್ಟ ಮೇಲೆ ಒಂದು ಸಲವೂ ಸಿಕ್ಕಿಹಾಕಿಕೊಂಡಿಲ್ಲ.

ಗುಂಡಿನ ಹಿಂಭಾಗಕ್ಕೆ ಚುಚ್ಚುವ ಫೈರಿಂಗ್ ಪಿನ್ ತುದಿ ನೋಡಿ, ಗುಂಡಗೆ ನುಣುಪಾಗಿರಬೇಕು. ಮುರಿದ ಪೆನ್ಸಿಲ್ ತುದಿ ಹಾಗಿದ್ದರೆ ಬದಲಾಯಿಸಬೇಕು. ಹಳೆಯದರಲ್ಲಿ ಪಿನ್ ಹ್ಯಾಮರ್‌ಗೇ ಜೋಡಿಸಿರುತ್ತದೆ. ಖಾಲಿ ರಿವಾಲ್ವರ್ ಇಟ್ಟುಕೊಂಡು ಟಿವಿ ನೋಡುತ್ತಾ ಕಟ್ ಕಟ್ ಅಂತ ಒತ್ತುತ್ತಾ ಕೂರುವವರು ಇದನ್ನು ಮುರಿದುಕೊಳ್ಳುತ್ತಾರೆ. ಅಭ್ಯಾಸ ಮಾಡಲೇಬೇಕಿದ್ದರೆ ಡಮ್ಮಿ ಗುಂಡು ಹಾಕಿ.

ಇಷ್ಟು ಪಾಸಾದರೆ ಕೊಳ್ಳಿ. ಸಣ್ಣಪುಟ್ಟ ಗೀರು, ಬಣ್ಣ ಹೋದದ್ದು, ಹಿಡಿಯ ಪ್ಲಾಸ್ಟಿಕ್ ಒಡೆದದ್ದು, ಇವೆಲ್ಲ ಬೆಲೆ ಇಳಿಸಲು ಒಳ್ಳೆಯ ನೆಪ. ಒಳಗಿನ ಮಾಲಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ಗುಂಡಿನ ವಿಷಯ. ನಾನು ಕೇಳಿದ "ರಿವಾಲ್ವರ್ ಕೈಕೊಟ್ಟಿತು" ಕಥೆಗಳಲ್ಲಿ ಅರ್ಧಕ್ಕರ್ಧ ಗುಂಡಿನ ಕಥೆಗಳು. ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಸೊಂಟದ ಚರ್ಮದ ಪಟ್ಟಿಯಲ್ಲಿ ಹದಿನೆಂಟು ವರ್ಷ ಅದೇ ಹನ್ನೆರಡು ಗುಂಡು ಸಿಕ್ಕಿಸಿಕೊಂಡು ಓಡಾಡಿದ್ದರು. ನನಗೆ ತೋರಿಸಿದಾಗ ಚರ್ಮ ತಾಗಿದ ಕಡೆಯಲ್ಲೆಲ್ಲ ಹಸಿರು ಕಿಲುಬು, ಹಳೆ ಹಿತ್ತಾಳೆ ಚೊಂಬಿನ ಮೇಲೆ ಹುಣಸೆಹುಳಿ ಕಾಣದೆ ಹೋದರೆ ಬರುತ್ತದಲ್ಲ, ಅಂಥದ್ದು. ಚರ್ಮ ಹದ ಮಾಡುವಾಗ ಬಳಸುವ ಪದಾರ್ಥಗಳು ಹಿತ್ತಾಳೆಯನ್ನು ತಿನ್ನುತ್ತವೆ. ಕಿಲುಬು ಹಿಡಿದ ಗುಂಡು ಚೇಂಬರ್‌ಗೆ ಪೂರ್ತಿ ಕೂರುವುದಿಲ್ಲ, ಕೂತರೂ ಸಿಲಿಂಡರ್ ತಿರುಗಲು ಬಿಡುವುದಿಲ್ಲ. ಗುಂಡು ಯಾವಾಗಲೂ ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಇರಲಿ, ಒಣಗಿದ ಜಾಗದಲ್ಲಿ, ಪೆಟ್ಟಿಗೆ ಮೇಲೆ ಕೊಂಡ ತಿಂಗಳು ಬರೆದಿರಲಿ. ಲೈಸೆನ್ಸ್‌ನಲ್ಲಿ ಬರೆದಷ್ಟೇ ಸಿಗುತ್ತದೆ ಅಂತ ಜನ ಬಂಗಾರದ ಹಾಗೆ ಕೂಡಿಡುತ್ತಾರೆ. ನಾನು ಪ್ರತಿ ವರ್ಷ ಹಳೆಯದನ್ನು ರೇಂಜ್‌ನಲ್ಲಿ ಹಾರಿಸಿ ಹೊಸದು ತರುತ್ತೇನೆ. ಖರ್ಚು ಬರುತ್ತದೆ, ಏನು ಮಾಡುವುದು.

ಒಂದು ತಪ್ಪು ಹಲವರು ಮಾಡುತ್ತಾರೆ. .32 ಪಿಸ್ತೂಲಿನ ಗುಂಡು, ಅಂದರೆ 7.65, ರಿವಾಲ್ವರ್‌ನ ಚೇಂಬರ್‌ಗೆ ಹೋಗಿ ಕೂರುತ್ತದೆ. ಕೂರುತ್ತದೆ ಅಂತ ಹಾಕಬೇಡಿ. ಅದರ ಒತ್ತಡವೇ ಬೇರೆ, ಹಳೆ ರಿವಾಲ್ವರ್ ಅದಕ್ಕೆ ಮಾಡಿದ್ದಲ್ಲ. ಅಂಗಡಿಯಲ್ಲಿ ಬರೀ "ಥರ್ಟಿಟೂ ಕೊಡಿ" ಅನ್ನದೆ "ರಿವಾಲ್ವರ್‌ದು, ಲಾಂಗ್" ಅಂತ ಕೇಳಿ ಪೆಟ್ಟಿಗೆ ಮೇಲಿನದು ಓದಿ.

ರೇಂಜ್‌ನಲ್ಲಿ ಗುಂಡು ಹಾರದೆ ಕಟ್ ಅಂದರೆ ತಕ್ಷಣ ತಿರುಗಿಸಿ ನೋಡಲು ಹೋಗಬೇಡಿ. ಬಾಯಿ ಗುರಿಯ ಕಡೆಯೇ ಇಟ್ಟು ಮೂವತ್ತು ಸೆಕೆಂಡ್ ಎಣಿಸಿ, ಮದ್ದು ತಡವಾಗಿ ಹೊತ್ತಿಕೊಳ್ಳುವುದು ಉಂಟು. ಆಮೇಲೆ ತೆರೆದು ಆ ಗುಂಡಿನ ಹಿಂಭಾಗ ನೋಡಿ. ಪಿನ್ ಗುರುತು ಆಳವಾಗಿದ್ದರೆ ತಪ್ಪು ಗುಂಡಿನದು. ಮೇಲೆ ಮೇಲೆ ತಾಗಿದ್ದರೆ ರಿವಾಲ್ವರಿನದು: ಸ್ಪ್ರಿಂಗ್, ಪಿನ್, ಇಲ್ಲ ನಮ್ಮ ಮನೆಯ ಹಾಗೆ ಕುಂಕುಮ. ಇದಕ್ಕಿಂತ ಭಯದ್ದು ಇನ್ನೊಂದಿದೆ. ಢಂ ಅನ್ನುವ ಬದಲು "ಪುಸ್" ಅಂತ ಸಣ್ಣ ಶಬ್ದ ಬಂದು ಕೈಗೆ ಒದೆತ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯ ಮಧ್ಯದಲ್ಲಿ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ತೋಟದಲ್ಲಿ, ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ "ಟೆಸ್ಟ್" ಮಾಡುವವರಿಗೆ ಇದೆಲ್ಲ ಗೊತ್ತಾಗುವುದೇ ಇಲ್ಲ. ಅಂದಹಾಗೆ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿದರೆ ಈಗ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಹೊಸ ಹಗುರ ಮಾದರಿ ಕೊಂಡವರು ಹೇಳುವುದು ಬೇರೆ ಥರ. ಕಿಸೆಯಲ್ಲಿ ಇಟ್ಟರೆ ಗೊತ್ತೇ ಆಗುವುದಿಲ್ಲ, ಆದರೆ ಹಾರಿಸಿದರೆ ಕೈ ಜುಮ್ ಅನ್ನುತ್ತದೆ, ಐವತ್ತು ಗುಂಡಿಗೆಲ್ಲ ಹಿಡಿಯ ಸ್ಕ್ರೂ ಸಡಿಲ ಆಯಿತು ಅನ್ನುತ್ತಾರೆ. ತೂಕ ಕಮ್ಮಿ ಇದ್ದಷ್ಟೂ ಒದೆತ ಜಾಸ್ತಿ, ಅದು ರಿಪೇರಿ ಆಗುವ ದೋಷ ಅಲ್ಲ. ಪ್ರತಿ ಸಲ ಹಾರಿಸಿ ಬಂದ ಮೇಲೆ ಎಲ್ಲ ಸ್ಕ್ರೂ ಒಂದು ಸುತ್ತು ನೋಡಿ, ಸರಿಯಾದ ಅಳತೆಯ ಸ್ಕ್ರೂಡ್ರೈವರ್‌ನಲ್ಲಿ. ದಿನಾ ಸೊಂಟದಲ್ಲಿ ಇಟ್ಟುಕೊಳ್ಳುವವರಿಗೆ ಹಗುರದ್ದು, ಮನೆ ಅಂಗಡಿಯಲ್ಲಿ ಲಾಕರ್‌ನಲ್ಲಿ ಇಡುವವರಿಗೆ ಉಕ್ಕಿನ ಭಾರದ್ದೇ ವಾಸಿ ಅಂತ ನನ್ನ ಅಭಿಪ್ರಾಯ. ಮೊದಲ ಐವತ್ತು ಗುಂಡು ತೊಂದರೆ ಇಲ್ಲದೆ ಹಾರುವ ತನಕ ಹೊಸದನ್ನೂ ನಂಬಬೇಡಿ.

ಇಡುವ ರೀತಿ ಹೇಳಿಬಿಡುತ್ತೇನೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ನಮ್ಮ ಕಡೆ ಡಿಸೆಂಬರ್ ಬೆಳಿಗ್ಗೆ ಅದು ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ, ಬೇಸಿಗೆಯಲ್ಲಿ ಅಂಟಾಗುತ್ತದೆ. ಗನ್ ಎಣ್ಣೆ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಹೊಲಿಗೆ ಮಿಷನ್ ಎಣ್ಣೆ ನಡೆಯುತ್ತದೆ. ಒಂದೊಂದು ಕೀಲಿಗೆ ಒಂದೇ ಹನಿ. ಸುರಿಯಬೇಡಿ, ಸುರಿದರೆ ಧೂಳು ಹಿಡಿಯುತ್ತದೆ, ಜೊತೆಗೆ ಎಣ್ಣೆ ಗುಂಡಿನ ಹಿಂಭಾಗಕ್ಕೆ ಇಳಿದರೆ ಮದ್ದು ಸಾಯುತ್ತದೆ. ಅದಕ್ಕೇ ಗುಂಡು ತುಂಬಿರುವಾಗ ಎಣ್ಣೆ ಸ್ಪ್ರೇ ಹೊಡೆಯಬಾರದು. ನಮ್ಮ ಹತ್ತಿ ಮಿಲ್ಲಿನ ಆಫೀಸಿನಲ್ಲಿ ಇಟ್ಟಿದ್ದ ಕಾಲದಲ್ಲಿ ಟ್ರಿಗರ್ ಹಿಂದೆ ಹತ್ತಿ ನಾರು ಎಣ್ಣೆಗೆ ಅಂಟಿ ದೀಪದ ಬತ್ತಿಯ ಹಾಗೆ ಹೊಸೆದುಕೊಂಡಿತ್ತು, ಚಿಮಟದಲ್ಲಿ ಹಿಡಿದು ಎಳೆದರೆ ಎರಡು ಇಂಚು ಬಂತು. ಮಂಡಕ್ಕಿ ಭಟ್ಟಿ, ಹಿಟ್ಟಿನ ಗಿರಣಿ ಇರುವವರು ತಿಂಗಳಿಗೊಮ್ಮೆ ನೋಡಿ, ಉಳಿದವರಿಗೆ ಮೂರು ತಿಂಗಳಿಗೊಮ್ಮೆ ಸಾಕು. ಹಳೆ ಪಂಚೆಯ ತುಂಡು, ಹಲ್ಲುಜ್ಜುವ ಬ್ರಷ್, ನಳಿಗೆಗೆ ಅಳತೆಯ ಬ್ರಷ್ ಕಡ್ಡಿ, ಇಷ್ಟಿದ್ದರೆ ಆಯಿತು. ಕೈ ಬೆವರು ಒರೆಸಿ ಇಡಿ. ಜುಲೈ ಆಗಸ್ಟ್‌ನಲ್ಲಿ ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ. ಚರ್ಮದ ಚೀಲ ಓಡಾಡುವಾಗ ಮಾತ್ರ, ಮನೆಯಲ್ಲಿ ಒಣ ಹತ್ತಿ ಬಟ್ಟೆ ಸುತ್ತಿಡಿ.

ಬೀಗ ಹಾಕುವ ಪೆಟ್ಟಿಗೆ, ಅದರ ಕೀಲಿ ನಿಮ್ಮ ಹತ್ತಿರ, ಗುಂಡಿಗೆ ಬೇರೆ ಬೀಗ. ಮನೆಯಲ್ಲಿ ಮಕ್ಕಳಿದ್ದರೂ ಇಲ್ಲದಿದ್ದರೂ. ಯಾರಾದರೂ ಮನೆಯವರ ಮನಸ್ಸು ಸರಿ ಇಲ್ಲ ಅನ್ನಿಸಿದರೆ ರಿವಾಲ್ವರ್ ಮನೆಯಲ್ಲೇ ಬೇಡ, ಡೀಲರ್ ಹತ್ತಿರವೋ ಠಾಣೆಯಲ್ಲೋ ಠೇವಣಿ ಇಡಬಹುದು. ಸೊಂಟದಲ್ಲಿ ಇಟ್ಟುಕೊಳ್ಳುವವರು ತಮ್ಮದರಲ್ಲಿ ಕೆಳಗೆ ಬಿದ್ದಾಗ ಗುಂಡಿಗೆ ಹೊಡೆಯದ ಹಾಗೆ ಹ್ಯಾಮರ್ ತಡೆಯುವ ವ್ಯವಸ್ಥೆ ಇದೆಯೋ ಇಲ್ಲವೋ ಗನ್‌ಸ್ಮಿತ್ ಹತ್ತಿರ ತೋರಿಸಿ. ಗೊತ್ತಾಗುವ ತನಕ ಐದೇ ಗುಂಡು ತುಂಬಿ, ಹ್ಯಾಮರ್ ಕೆಳಗಿನ ಚೇಂಬರ್ ಖಾಲಿ ಇರಲಿ.

ಆಯುಧ ಪೂಜೆ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಅಮ್ಮ ಬಿಡುವುದಿಲ್ಲ. ಈಗ ನಮ್ಮ ಮನೆಯಲ್ಲಿ ರಿವಾಲ್ವರ್ ಖಾಲಿ ಮಾಡಿ, ಪ್ಲಾಸ್ಟಿಕ್ ಕವರ್ ಒಳಗಿಟ್ಟು, ಕವರ್ ಮೇಲೆ ವಿಭೂತಿ, ಕುಂಕುಮ, ಒಂದು ಸೇವಂತಿಗೆ. ಮೊದಲ ವರ್ಷ ಅಪ್ಪ ಗೊಣಗಿದರು, "ದೇವರಿಗೆ ರೇನ್‌ಕೋಟ್ ಹಾಕ್ತೀಯೇನೋ" ಅಂತ. ಈಗ ಅವರೇ ಕವರ್ ಹುಡುಕಿ ತಂದು ಕೊಡುತ್ತಾರೆ.

ಕೊನೆಗೆ ಚುನಾವಣೆ. ನೀತಿ ಸಂಹಿತೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಲು ಹೇಳಿದರೆ ಇಡಬೇಕು, ಎರಡು ಮೂರು ತಿಂಗಳು ಅಲ್ಲೇ ಇರುತ್ತದೆ. ಒಂದು ಸಲ ನನ್ನದು ವಾಪಸ್ ಬಂದಾಗ ನಳಿಗೆಯ ಬಾಯಿಗೆ ಕೆಂಪು ತುಕ್ಕು, ಚೀಲ ಬೇರೆ ಯಾರದ್ದೋ. ಈಗ ಒಯ್ಯುವ ಹಿಂದಿನ ರಾತ್ರಿ ನಳಿಗೆಗೂ ಆರು ಚೇಂಬರ್‌ಗೂ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಪೊಟ್ಟಣದ ಜೊತೆ ಹಾಕಿ, ಡಬ್ಬಿ ಮೇಲೆ ಹೆಸರು ನಂಬರ್ ಅಂಟಿಸುತ್ತೇನೆ. ಮೊಬೈಲ್‌ನಲ್ಲಿ ನಾಲ್ಕೂ ಕಡೆಯಿಂದ ಫೋಟೋ. ರಸೀತಿಯಲ್ಲಿ ರಿವಾಲ್ವರ್ ನಂಬರ್ ಅಲ್ಲೇ ನಿಂತು ಓದಿ, ಗುಂಡಿನ ಲೆಕ್ಕ ಬರೆದಿದ್ದಾರಾ ನೋಡಿ. ವಾಪಸ್ ತಂದ ದಿನ ಮನೆಯಲ್ಲಿ ಖಾಲಿ ಮಾಡಿ, ಎಣ್ಣೆ ಒರೆಸಿ, ಮತ್ತೆ ಒಂದು ಬೊಟ್ಟು ಹಚ್ಚಿ ಆರೂ ತಿರುಗಿಸಿ ನೋಡಿ.